ಸಾಂಡರ್ಸ್ ಹಾಲ್ ಹೆಸರು ಯಾಕೆ ಹೋಯಿತು? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಚಾಪೆಲ್ ಹಿಲ್ ಕ್ಯಾಂಪಸ್ಸಿನಲ್ಲಿ ಕ್ಯಾರೊಲಿನಾ ಹಾಲ್ ಎಂಬ ಕಟ್ಟಡವಿದೆ. 2015ರವರೆಗೆ ಅದರ ಹೆಸರು ಸಾಂಡರ್ಸ್ ಹಾಲ್. ಹೆಸರು ಬದಲಾದದ್ದರ ಹಿಂದೆ ವಿದ್ಯಾರ್ಥಿಗಳ ಹಲವು ವರ್ಷಗಳ ಹುಡುಕಾಟವಿದೆ, ಹಳೆಯ ನಡಾವಳಿಗಳ ಓದು ಇದೆ, ಜಗಳವೂ ಇದೆ. ಚಾಪೆಲ್ ಹಿಲ್ ಪಕ್ಕದ ಕ್ಯಾರಿ, ಮೋರಿಸ್‌ವಿಲ್ ಊರುಗಳ ಕಡೆ ಕನ್ನಡದ ಮನೆಗಳು ಬಹಳ ಇವೆ. ಅವರ ಮಕ್ಕಳು ಓದುವ ವಿಶ್ವವಿದ್ಯಾಲಯ ಇದು. ಊರಿಂದ ಬರುವ ಅಪ್ಪ ಅಮ್ಮಂದಿರಿಗೂ ಈ ಕಥೆ ಅರ್ಥವಾಗಲಿ ಎಂದು ಇಲ್ಲಿ ಬರೆದಿದ್ದೇನೆ.

ಸಾಂಡರ್ಸ್ ಅಂದರೆ ಯಾರು?

ವಿಲಿಯಂ ಲಾರೆನ್ಸ್ ಸಾಂಡರ್ಸ್. 1835ರಲ್ಲಿ ರಾಲಿಯಲ್ಲಿ ಹುಟ್ಟಿದವನು. ಇದೇ ವಿಶ್ವವಿದ್ಯಾಲಯದಲ್ಲಿ ಓದಿ 1854ರಲ್ಲಿ ಪದವಿ ಪಡೆದ. ವಕೀಲನಾದ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಕಡೆ, ಅಂದರೆ ಗುಲಾಮಗಿರಿ ಉಳಿಯಬೇಕು ಎಂದು ಬೇರೆಯಾದ ರಾಜ್ಯಗಳ ಕಡೆ, ಹೋರಾಡಿ ಕರ್ನಲ್ ಆದ. ಯುದ್ಧದಲ್ಲಿ ದೊಡ್ಡ ಗಾಯಗಳಾದವು. ಆಮೇಲೆ ಪತ್ರಿಕೆ ನಡೆಸಿದ, ರಾಜಕೀಯಕ್ಕೆ ಬಂದ. 1879ರಿಂದ 1891ರಲ್ಲಿ ಸಾಯುವವರೆಗೂ ನಾರ್ತ್ ಕ್ಯಾರೊಲಿನಾದ ಸೆಕ್ರೆಟರಿ ಆಫ್ ಸ್ಟೇಟ್ ಆಗಿದ್ದ. ರಾಜ್ಯದ ಕಾಗದಪತ್ರಗಳೆಲ್ಲ ಇರುವ ಖಾತೆ ಅದು. ವಿಶ್ವವಿದ್ಯಾಲಯದ ಟ್ರಸ್ಟಿ, ಅಂದರೆ ಆಡಳಿತ ಮಂಡಳಿಯ ಸದಸ್ಯ, ಕೂಡ ಆಗಿದ್ದ.

ಅವನು ಮಾಡಿದ ಒಂದು ಕೆಲಸ ನಿಜಕ್ಕೂ ದೊಡ್ಡದು. ಬ್ರಿಟಿಷರ ಕಾಲದ ನಾರ್ತ್ ಕ್ಯಾರೊಲಿನಾದ ದಾಖಲೆಗಳನ್ನು ಹುಡುಕಿಸಿ, ನಕಲು ಮಾಡಿಸಿ, 1886ರಿಂದ 1890ರ ನಡುವೆ ಹತ್ತು ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಇವತ್ತಿಗೂ ಆ ರಾಜ್ಯದ ಇತಿಹಾಸ ಬರೆಯುವವರು ಅವನ್ನು ತೆರೆಯದೆ ಮುಂದೆ ಹೋಗುವುದಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಹೆಸರು ಉಳಿಯಲಿ ಎಂದವರ ಮಾತಿನಲ್ಲಿ ತೂಕ ಇದ್ದದ್ದು ಇಲ್ಲೇ.

ಹಾಗಾದರೆ ಆಕ್ಷೇಪ ಏನು?

ಅವನು ನಾರ್ತ್ ಕ್ಯಾರೊಲಿನಾದಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಗುಟ್ಟಿನ ಸಂಘದ ಮುಖ್ಯಸ್ಥ ಎಂಬುದು.

ಕ್ಲಾನ್ ಆಗ ಏನು ಮಾಡುತ್ತಿತ್ತು? ಬಿಳಿ ಮುಸುಕು ಹಾಕಿಕೊಂಡು ಹೆದರಿಸುತ್ತಿದ್ದವರು, ಅಷ್ಟೇ ಅಲ್ವಾ?

ಅಷ್ಟೇ ಅಲ್ಲ. ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಗುಲಾಮಗಿರಿ ಹೋಯಿತು. ಕೆಲವೇ ವರ್ಷಗಳಲ್ಲಿ ಕಪ್ಪು ಗಂಡಸರಿಗೆ ಓಟು ಬಂತು. ನಾರ್ತ್ ಕ್ಯಾರೊಲಿನಾದಲ್ಲಿ ಕಪ್ಪು ಜನರೂ ಅವರ ಜೊತೆ ನಿಂತ ಬಿಳಿಯರೂ ಸೇರಿ ಚುನಾವಣೆ ಗೆದ್ದರು, ಅಧಿಕಾರಕ್ಕೆ ಬಂದರು. ಕ್ಲಾನ್ ಇದ್ದದ್ದು ಇದನ್ನು ಮುರಿಯುವುದಕ್ಕೆ. ಓಟು ಹಾಕಿದವನ ಮನೆಗೆ ರಾತ್ರಿ ಹೋಗಿ ಚಾವಟಿಯಲ್ಲಿ ಹೊಡೆಯುವುದು, ಶಾಲೆ ಸುಡುವುದು, ಮುಂದಾಳುಗಳನ್ನು ಕೊಲ್ಲುವುದು. ಅದು ರಾಜಕೀಯ ಕೆಲಸ, ಲೆಕ್ಕ ಹಾಕಿ ಮಾಡಿದ್ದು.

ಚಾಪೆಲ್ ಹಿಲ್‌ನಿಂದ ತುಂಬಾ ದೂರವಿಲ್ಲದ ಗ್ರಹಾಂ ಎಂಬ ಊರಿನಲ್ಲಿ ವ್ಯಾಟ್ ಔಟ್‌ಲಾ ಎಂಬ ಕಪ್ಪು ಮುಂದಾಳು ಇದ್ದರು. ಊರಿನ ಕಾನ್‌ಸ್ಟೆಬಲ್ ಕೂಡ ಅವರೇ. 1870ರ ಫೆಬ್ರವರಿ 26ರ ರಾತ್ರಿ ಕ್ಲಾನ್‌ನವರು ಅವರನ್ನು ಮನೆಯಿಂದ ಎಳೆದುಕೊಂಡು ಹೋಗಿ ಕೋರ್ಟ್ ಹತ್ತಿರದ ಮರಕ್ಕೆ ನೇಣು ಹಾಕಿದರು. ಅದೇ ವರ್ಷ ಮೇ ತಿಂಗಳಲ್ಲಿ ಜಾನ್ ಸ್ಟೀಫನ್ಸ್ ಎಂಬ ಬಿಳಿಯ ರಾಜ್ಯ ಸೆನೆಟರ್ ಯಾನ್ಸಿವಿಲ್‌ನ ಕೋರ್ಟ್ ಕಟ್ಟಡದ ಒಳಗೇ ಕೊಲೆಯಾದರು. ಅವರ ತಪ್ಪು, ಕಪ್ಪು ಮತದಾರರ ಜೊತೆ ನಿಂತದ್ದು. ಗವರ್ನರ್ ವಿಲಿಯಂ ಹೋಲ್ಡನ್ ಕ್ಲಾನ್ ಮೇಲೆ ಸೈನ್ಯ ಕಳಿಸಿದರು. ಆದರೆ ಮುಂದಿನ ಚುನಾವಣೆಯಲ್ಲಿ ಎದುರು ಪಕ್ಷ ಗೆದ್ದಿತು. 1871ರಲ್ಲಿ ಗವರ್ನರ್ ಮೇಲೆಯೇ ದೋಷಾರೋಪ ಹೊರಿಸಿ ಪದವಿಯಿಂದ ಕಿತ್ತುಹಾಕಿತು. ಅಮೆರಿಕದಲ್ಲಿ ಹೀಗೆ ಅಧಿಕಾರ ಕಳೆದುಕೊಂಡ ಮೊದಲ ಗವರ್ನರ್ ಅವರೇ. ಕೊಲೆ ತಡೆಯಲು ಹೋದವರು ಮನೆಗೆ ಹೋದರು.

ಸಾಂಡರ್ಸ್ ಹೆಸರು ಬರುವುದು ಈ ಕಾಲದ ಜೊತೆಯಲ್ಲಿ. ವ್ಯಾಟ್ ಔಟ್‌ಲಾ ಅವರ ಹೆಸರು ಗೊತ್ತಿಲ್ಲದೆ ಸಾಂಡರ್ಸ್ ಬಗ್ಗೆ ತೀರ್ಮಾನ ಮಾಡುವುದು ನನ್ನ ಪ್ರಕಾರ ಅರ್ಧ ಓದು.

ಅವನೇ ಮುಖ್ಯಸ್ಥ ಎನ್ನುವುದಕ್ಕೆ ಪುರಾವೆ ಇದೆಯಾ? ಅವನು ಒಪ್ಪಿಕೊಂಡಿದ್ದನಾ?

ಒಪ್ಪಿಕೊಳ್ಳಲಿಲ್ಲ. ಅಲ್ಲಗಳೆಯಲೂ ಇಲ್ಲ. ಇದು ಈ ಕಥೆಯ ಅತಿ ಕಷ್ಟದ ಜಾಗ, ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

1871ರಲ್ಲಿ ಅಮೆರಿಕದ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಕ್ಲಾನ್ ಹಿಂಸೆಯ ವಿಚಾರಣೆಗೆ ಸಮಿತಿ ಮಾಡಿತು. ದಕ್ಷಿಣದ ರಾಜ್ಯಗಳಿಂದ ಸಾಕ್ಷಿಗಳನ್ನು ಕರೆಸಿತು. ಆ ಹೇಳಿಕೆಗಳೆಲ್ಲ 1872ರಲ್ಲಿ 13 ಸಂಪುಟಗಳಾಗಿ ಅಚ್ಚಾದವು. ಸಾಂಡರ್ಸ್‌ನನ್ನೂ ವಾಷಿಂಗ್ಟನ್‌ಗೆ ಕರೆಸಿದರು. ಅವನು ಪ್ರಶ್ನೆ ಮೇಲೆ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟ: ‘ಉತ್ತರಿಸಲು ಒಪ್ಪುವುದಿಲ್ಲ.’ ತನ್ನ ಮೇಲೆಯೇ ತಪ್ಪು ಹೊರಿಸಿಕೊಳ್ಳುವಂತೆ ಮಾತಾಡು ಎಂದು ಯಾರನ್ನೂ ಬಲವಂತ ಮಾಡಬಾರದು ಎಂಬ ಹಕ್ಕು ಅಲ್ಲಿದೆ. ಅವನು ಅದನ್ನು ಬಳಸಿದ. ಆ ಮಾತಿನಿಂದ ಅವನ ಕಡೆಯವರಲ್ಲಿ ಅವನಿಗೆ ಎಷ್ಟು ಹೆಸರು ಬಂತೆಂದರೆ, ಟಾರ್‌ಬರೊದಲ್ಲಿರುವ ಅವನ ಸಮಾಧಿ ಕಲ್ಲಿನ ಮೇಲೆ ಅದನ್ನೇ ಕೆತ್ತಿದ್ದಾರೆ.

ಎರಡನೆಯ ಪುರಾವೆ ಇದೇ ವಿಶ್ವವಿದ್ಯಾಲಯದ ಇತಿಹಾಸದ ಪ್ರೊಫೆಸರ್ ಜೆ. ಜಿ. ಡಿ ರೂಲಾಕ್ ಹ್ಯಾಮಿಲ್ಟನ್ 1914ರಲ್ಲಿ ಬರೆದ ಪುಸ್ತಕ. ಸಾಂಡರ್ಸ್ ಕ್ಲಾನ್‌ನ ಪ್ರತಿಜ್ಞೆ ತೆಗೆದುಕೊಂಡಿರಲಿಲ್ಲ, ಆದರೂ ರಾಜ್ಯದಲ್ಲಿ ಅದರ ಮುಖ್ಯಸ್ಥ ಅವನೇ ಎಂದು ಅವರು ಬರೆದರು. ಹ್ಯಾಮಿಲ್ಟನ್ ಕ್ಲಾನ್‌ನ ವಿರೋಧಿಯಲ್ಲ. ಕ್ಲಾನ್ ಇದ್ದದ್ದರಿಂದ ರಾಜ್ಯ ಉಳಿಯಿತು ಎನ್ನುವ ಧಾಟಿಯಲ್ಲಿ ಬರೆದವರು. ಹೊಗಳುವುದಕ್ಕೆ ಹೇಳಿದ ಮಾತು ಇದು.

ಮೂರನೆಯದು 1920ರಲ್ಲಿ ಟ್ರಸ್ಟಿಗಳೇ ಬರೆದಿಟ್ಟದ್ದು. ಹೊಸ ಕಟ್ಟಡಕ್ಕೆ ಸಾಂಡರ್ಸ್ ಹೆಸರು ಯಾಕೆ ಎಂದು ಹೇಳುವಾಗ ಅವನ ಅರ್ಹತೆಗಳನ್ನು ಪಟ್ಟಿ ಮಾಡಿದ್ದಾರೆ. ಕರ್ನಲ್, ಸೆಕ್ರೆಟರಿ ಆಫ್ ಸ್ಟೇಟ್, ದಾಖಲೆ ಸಂಪಾದಕ. ಇವುಗಳ ಜೊತೆಗೇ ಇನ್ನೊಂದು ಸಾಲು: ನಾರ್ತ್ ಕ್ಯಾರೊಲಿನಾದ ಕು ಕ್ಲಕ್ಸ್ ಕ್ಲಾನ್‌ನ ಮುಖ್ಯಸ್ಥ.

ಈಗ ವಾದ ಎಲ್ಲಿ ನಿಂತಿತು ನೋಡಿ. ‘ಅವನು ಇಂಥ ರಾತ್ರಿ ಇಂಥವರನ್ನು ಕೊಲ್ಲಿ ಎಂದು ಹೇಳಿದ ಕಾಗದ ತೋರಿಸಿ’ ಎಂದು ಕೇಳಿದವರಿದ್ದರು. ಆ ಪ್ರಶ್ನೆ ಕೇಳುವುದು ಸರಿಯೇ. ಗುಟ್ಟಾಗಿ ನಡೆಯುತ್ತಿದ್ದ ಸಂಘ ಅಂಥ ಕಾಗದ ಉಳಿಸುವುದಿಲ್ಲ. ಆದರೆ ಇಲ್ಲಿ ತೀರ್ಮಾನಕ್ಕೆ ಬಂದ ವಿಷಯ 1870ರ ಕೊಲೆ ಕೇಸಲ್ಲ. 1920ರಲ್ಲಿ ಒಂದು ಸಾರ್ವಜನಿಕ ವಿಶ್ವವಿದ್ಯಾಲಯ ಒಬ್ಬನಿಗೆ ಮರ್ಯಾದೆ ಕೊಟ್ಟಿತು. ಯಾಕೆ ಕೊಟ್ಟಿತು? ಅದಕ್ಕೆ ಉತ್ತರ ಅವರದೇ ಬರವಣಿಗೆಯಲ್ಲಿದೆ. ಕ್ಲಾನ್ ನಡೆಸಿದ್ದು ಅವರಿಗೆ ಗೊತ್ತಾಗದೆ ಹೋದ ಕಳಂಕವಲ್ಲ, ಅವರು ಎಣಿಸಿ ಬರೆದ ಗುಣ. ವಿದ್ಯಾರ್ಥಿಗಳ ಹುಡುಕಾಟದಿಂದ ನಾನು ಕಲಿತ ಪಾಠ ಇದೇ. ಹೆಸರಿನ ಮನುಷ್ಯನ ಬಗ್ಗೆ ಓದಿದರೆ ಸಾಲದು, ಹೆಸರು ಇಟ್ಟವರ ಬಗ್ಗೆಯೂ ಓದಬೇಕು.

ಅವನು ಸತ್ತು ಸುಮಾರು ಮೂವತ್ತು ವರ್ಷ ಆದ ಮೇಲೆ ಯಾಕೆ ಹೆಸರಿಟ್ಟರು?

ಅಷ್ಟರಲ್ಲಿ ಅವನ ಕಡೆಯವರು ಗೆದ್ದಿದ್ದರು. 1898ರ ನವೆಂಬರ್ 10ರಂದು ವಿಲ್ಮಿಂಗ್ಟನ್ ಊರಿನಲ್ಲಿ ಬಂದೂಕು ಹಿಡಿದ ಬಿಳಿಯರ ಗುಂಪು ಆರಿಸಿ ಬಂದ ನಗರಾಡಳಿತವನ್ನು ಕಿತ್ತೊಗೆದು ಕಪ್ಪು ಜನರನ್ನು ಕೊಂದಿತು. 1900ರಲ್ಲಿ ರಾಜ್ಯದ ಸಂವಿಧಾನ ತಿದ್ದಿ, ಓದು ಬರಹದ ಪರೀಕ್ಷೆ ಮತ್ತು ತಲೆಗಂದಾಯದ ಹೆಸರಿನಲ್ಲಿ ಕಪ್ಪು ಜನರ ಓಟು ಕಿತ್ತುಕೊಂಡರು. ಆ ಮೇಲೆ ಹುಟ್ಟಿದ ಹೊಸ ಪೀಳಿಗೆಗೆ ‘ನಮ್ಮ ಹಿರಿಯರು ಸರಿ’ ಎಂದು ಹೇಳಿಕೊಡುವ ಕೆಲಸ ಶುರುವಾಯಿತು. ಪ್ರತಿಮೆಗಳು ಬಂದವು, ಪಠ್ಯಪುಸ್ತಕ ಬಂದವು, ಕಟ್ಟಡಗಳಿಗೆ ಹೆಸರು ಬಂದವು. 1922ರಲ್ಲಿ ಎದ್ದು ನಿಂತ ಸಾಂಡರ್ಸ್ ಹಾಲ್ ಅದರಲ್ಲೊಂದು.

ಆಗ ಆ ಕ್ಯಾಂಪಸ್ಸಿನಲ್ಲಿ ಒಬ್ಬ ಕಪ್ಪು ವಿದ್ಯಾರ್ಥಿಯೂ ಇರಲಿಲ್ಲ, ಸೇರಿಸುತ್ತಲೇ ಇರಲಿಲ್ಲ. ಕೋರ್ಟ್ ಆದೇಶದ ಮೇಲೆ 1951ರಲ್ಲಿ ಕಾನೂನು ಓದಲು ಕೆಲವರು ಬಂದರು. ಪದವಿ ತರಗತಿಗೆ ಮೊದಲ ಮೂವರು ಬಂದದ್ದು 1955ರಲ್ಲಿ. ಆದರೆ ಇಟ್ಟಿಗೆ ಹೊತ್ತವರು ಮೊದಲಿಂದಲೂ ಅಲ್ಲಿದ್ದರು. 1793ರಲ್ಲಿ ಅಡಿಗಲ್ಲು ಹಾಕಿದ ಓಲ್ಡ್ ಈಸ್ಟ್ ಕಟ್ಟಡದಿಂದ ಹಿಡಿದು ಹಳೆಯ ಕಟ್ಟಡಗಳಲ್ಲಿ ಗುಲಾಮರ ದುಡಿಮೆ ಇದೆ.

ಇದೆಲ್ಲ ಎಲ್ಲರಿಗೂ ಗೊತ್ತಿದ್ದದ್ದೇ ಅಲ್ವಾ? ವಿದ್ಯಾರ್ಥಿಗಳು ಹೊಸದಾಗಿ ಏನು ಮಾಡಿದರು?

ಕಾಗದ ಪೆಟ್ಟಿಗೆಯಲ್ಲಿತ್ತು. ಗೊತ್ತಿದ್ದವರು ಕೆಲವೇ ಪ್ರೊಫೆಸರುಗಳು ಮತ್ತು ಪತ್ರಾಗಾರದವರು. ಭೂಗೋಳ ಮತ್ತು ಧರ್ಮ ಅಧ್ಯಯನದ ವಿಭಾಗಗಳು ಆ ಕಟ್ಟಡದಲ್ಲಿದ್ದವು. ಸಾವಿರಾರು ಮಕ್ಕಳು ಆ ಬಾಗಿಲು ದಾಟಿ ಪಾಠಕ್ಕೆ ಹೋದರು. ಆ ಹೆಸರು ಯಾರದ್ದು ಎಂದು ಯಾರೂ ಹೇಳುತ್ತಿರಲಿಲ್ಲ.

ವಿದ್ಯಾರ್ಥಿಗಳು ಮಾಡಿದ್ದು ಎರಡು ಕೆಲಸ. ಒಂದು, ಓದಿದರು. ಕ್ಯಾಂಪಸ್ಸಿನ ವಿಲ್ಸನ್ ಲೈಬ್ರರಿಗೆ ಹೋಗಿ ಟ್ರಸ್ಟಿಗಳ ನಡಾವಳಿ, ಹಳೆಯ ಪತ್ರ, ಪತ್ರಿಕೆ ತೆಗೆಸಿದರು. ಇನ್ನೊಂದು, ಓದಿದ್ದನ್ನು ಹೊರಗೆ ತಂದರು. 1999ರಲ್ಲೇ ಒಂದು ಪೀಳಿಗೆಯ ವಿದ್ಯಾರ್ಥಿಗಳು ಈ ಹೆಸರಿನ ವಿರುದ್ಧ ದನಿ ಎತ್ತಿದ್ದರು. ಅವರು ಪದವಿ ಮುಗಿಸಿ ಹೋದರು, ಮಾತು ತಣ್ಣಗಾಯಿತು. ವಿದ್ಯಾರ್ಥಿ ಚಳವಳಿಗಳ ಕಷ್ಟವೇ ಅದು. ನಾಲ್ಕು ವರ್ಷಕ್ಕೆ ಎಲ್ಲರೂ ಹೊಸಬರು, ಆಡಳಿತ ಮಾತ್ರ ಹಳೆಯದು. 2014ರ ಹೊತ್ತಿಗೆ ಇನ್ನೊಂದು ಗುಂಪು ಎದ್ದಿತು. 2015ರ ಶುರುವಿನಲ್ಲಿ ಕೆಲವರು ಕುತ್ತಿಗೆಗೆ ಹಗ್ಗದ ಕುಣಿಕೆ ಹಾಕಿಕೊಂಡು ಆ ಕಟ್ಟಡದ ಮೆಟ್ಟಿಲ ಮೇಲೆ ನಿಂತರು. ಸಾಂಡರ್ಸ್ ಇದ್ದಿದ್ದರೆ ನನಗೆ ಇದನ್ನೇ ಮಾಡುತ್ತಿದ್ದ ಎಂಬ ಫಲಕ ಕೈಯಲ್ಲಿತ್ತು.

ಫಲಕದ ಬಗ್ಗೆ ಜನ ಜಾಸ್ತಿ ಮಾತಾಡಿದರು. ನನಗೆ ಕೇಳಿದರೆ, ಟ್ರಸ್ಟಿಗಳಿಗೆ ತಪ್ಪಿಸಿಕೊಳ್ಳಲು ದಾರಿ ಇಲ್ಲದಂತೆ ಮಾಡಿದ್ದು ನಡಾವಳಿಯ ಆ ಒಂದು ಸಾಲು. 2015ರ ಮೇ 28ರಂದು ಅವರು 10–3 ಮತದಿಂದ ಹೆಸರು ತೆಗೆದರು. ಕಾರಣ ಹೇಳುವಾಗಲೂ 1920ರ ಟ್ರಸ್ಟಿಗಳು ಕ್ಲಾನ್ ನಾಯಕತ್ವವನ್ನು ಅರ್ಹತೆ ಎಂದು ಬರೆದದ್ದು ತಪ್ಪು ಎಂದೇ ಹೇಳಿದರು.

ವಿದ್ಯಾರ್ಥಿಯೊಬ್ಬ ಪತ್ರಾಗಾರದಲ್ಲಿ ಕಂಡ ಕಾಗದ ನಿಜವಾಗಲೂ ಏನಾದರೂ ಬದಲಾಯಿಸುತ್ತಾ?

ಬದಲಾಯಿಸುತ್ತದೆ. ಅದೇ ಕ್ಯಾಂಪಸ್ಸಿನ ಇನ್ನೊಂದು ಉದಾಹರಣೆ ಹೇಳುತ್ತೇನೆ.

ಕ್ಯಾಂಪಸ್ಸಿನ ಮುಂಭಾಗದಲ್ಲಿ ಸೈಲೆಂಟ್ ಸ್ಯಾಮ್ ಎಂದು ಕರೆಯುತ್ತಿದ್ದ, ಅಂತರ್ಯುದ್ಧದಲ್ಲಿ ದಕ್ಷಿಣದವರ ಕಡೆಯ ಸೈನಿಕನ ಪ್ರತಿಮೆ ಇತ್ತು. 1913ರಲ್ಲಿ ನಿಲ್ಲಿಸಿದ್ದು. ‘ಅದು ಯುದ್ಧಕ್ಕೆ ಹೋದ ನಮ್ಮ ವಿದ್ಯಾರ್ಥಿಗಳ ನೆನಪು, ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ’ ಎಂದು ಬಹಳ ಜನ ನಂಬಿದ್ದರು. ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿದ್ದ ಆಡಂ ಡೋಂಬಿ ಎಂಬ ವಿದ್ಯಾರ್ಥಿ ವಿಲ್ಸನ್ ಲೈಬ್ರರಿಯಲ್ಲಿ ಜೂಲಿಯನ್ ಕಾರ್ ಎಂಬ ಉದ್ಯಮಿಯ ಕಾಗದಗಳನ್ನು ಓದುತ್ತಿದ್ದರು. ಪ್ರತಿಮೆಯ ಉದ್ಘಾಟನೆಯ ದಿನ ಕಾರ್ ಮಾಡಿದ ಭಾಷಣ ಅದರಲ್ಲಿತ್ತು. ಯುದ್ಧದಿಂದ ಮರಳಿದಾಗ, ಇದೇ ಜಾಗದ ಹತ್ತಿರ, ಒಬ್ಬ ಕಪ್ಪು ಹೆಂಗಸಿಗೆ ಬಟ್ಟೆ ಹರಿಯುವ ತನಕ ಕುದುರೆ ಚಾವಟಿಯಲ್ಲಿ ಹೊಡೆದೆ ಎಂದು ಅವನು ಎಲ್ಲರೆದುರು ಹೆಮ್ಮೆಯಿಂದ ಹೇಳಿಕೊಂಡಿದ್ದ. ಡೋಂಬಿ 2011ರಲ್ಲಿ ಇದನ್ನು ಕ್ಯಾಂಪಸ್ ಪತ್ರಿಕೆಗೆ ಬರೆದರು. ಆಮೇಲೆ ‘ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ’ ಎನ್ನುವುದು ಕಷ್ಟವಾಯಿತು. 2018ರ ಆಗಸ್ಟ್ 20ರ ರಾತ್ರಿ ಪ್ರತಿಭಟನಾಕಾರರು ಪ್ರತಿಮೆಯನ್ನು ಕೆಡವಿದರು.

ಆ ಹೆಂಗಸಿನ ಹೆಸರನ್ನು ಕಾರ್ ಹೇಳಲಿಲ್ಲ. ಕಾರ್ ಹೆಸರಿನ ಕಟ್ಟಡ ಮಾತ್ರ ಅಲ್ಲೇ ಇತ್ತು, 2020ರವರೆಗೆ.

ನನಗೂ ಇಂಥ ಹುಡುಕಾಟ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಮನುಷ್ಯನಿಂದಲ್ಲ, ನಾಮಕರಣದಿಂದ ಶುರು ಮಾಡಿ. ಯಾವ ವರ್ಷ, ಯಾವ ಸಭೆ, ಯಾರು ಸೂಚಿಸಿದರು, ಯಾರು ಅನುಮೋದಿಸಿದರು. ಇದು ಆಡಳಿತ ಮಂಡಳಿಯ ನಡಾವಳಿಯಲ್ಲಿರುತ್ತದೆ. ಚಾಪೆಲ್ ಹಿಲ್‌ನಲ್ಲಿ ವಿಶ್ವವಿದ್ಯಾಲಯದ ಪತ್ರಾಗಾರ, ರಾಜ್ಯದ ಬಗೆಗಿನ ಸಂಗ್ರಹ, ದಕ್ಷಿಣದ ರಾಜ್ಯಗಳ ಖಾಸಗಿ ಪತ್ರಗಳ ಸಂಗ್ರಹ ಮೂರೂ ವಿಲ್ಸನ್ ಲೈಬ್ರರಿಯ ಒಂದೇ ಸೂರಿನಡಿ ಇವೆ. ಇದು ದೊಡ್ಡ ಅನುಕೂಲ.

ಆಮೇಲೆ ಮನುಷ್ಯ. ಅವನ ಪತ್ರಗಳಿಗೆ ಸೂಚಿ ಇರುತ್ತದೆ: ಪೆಟ್ಟಿಗೆ ಇಷ್ಟು, ಫೋಲ್ಡರ್ ಇಷ್ಟು, ಯಾವ ವರ್ಷದ್ದು ಎಲ್ಲಿ ಎಂದು. ಅದನ್ನು ಮನೆಯಲ್ಲೇ ಇಂಟರ್‌ನೆಟ್‌ನಲ್ಲಿ ಓದಿಕೊಂಡು ಹೋಗಿ. ಓದುವ ಕೋಣೆಗೆ ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಬ್ಯಾಗ್ ಹೊರಗೆ. ಒಂದು ಸಲಕ್ಕೆ ಒಂದೇ ಫೋಲ್ಡರ್ ತೆರೆಯಬೇಕು, ಕಾಗದಗಳ ಕ್ರಮ ಕೆಡಿಸಬಾರದು. ಪ್ರತಿ ಕಾಗದದ ಪೆಟ್ಟಿಗೆ ನಂಬರ್, ಫೋಲ್ಡರ್ ನಂಬರ್ ಅಲ್ಲೇ ಬರೆದಿಟ್ಟುಕೊಳ್ಳಿ. ಆಮೇಲೆ ಬರೆದರಾಯಿತು ಅಂದುಕೊಂಡರೆ ಅದೇ ಕಾಗದ ಮತ್ತೆ ಸಿಗುವುದು ಕಷ್ಟ.

ಗುಲಾಮರನ್ನು ಇಟ್ಟುಕೊಂಡಿದ್ದವರ ಬಗ್ಗೆ ಹುಡುಕುವುದಾದರೆ 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರ ಪಟ್ಟಿ ಬೇರೆಯೇ ಇದೆ. ಅದರಲ್ಲಿ ಮಾಲೀಕನ ಹೆಸರು ಇರುತ್ತದೆ. ಕೆಳಗೆ ವಯಸ್ಸು, ಗಂಡು ಅಥವಾ ಹೆಣ್ಣು, ಬಣ್ಣ, ಅಷ್ಟೇ. ಗುಲಾಮರ ಹೆಸರು ಸಾಮಾನ್ಯವಾಗಿ ಬರೆದಿಲ್ಲ. ಹೆಸರು ಬೇಕೆಂದರೆ ಮಾರಾಟ ಪತ್ರ, ಉಯಿಲು, ಚರ್ಚಿನ ದಾಖಲೆ ಹುಡುಕಬೇಕು. ಆ ಖಾಲಿ ಕಾಲಂ ಮೊದಲ ಸಲ ನೋಡಿದ ವಿದ್ಯಾರ್ಥಿಗಳು ಸುಮ್ಮನಾಗಿಬಿಡುತ್ತಾರೆ. ಅಲ್ಲಿ ನಿಲ್ಲಬೇಡಿ, ಮುಂದೆ ಹುಡುಕಿ.

ಒಂದು ಎಚ್ಚರಿಕೆ. ನಿಮಗೆ ಬೇಕಾದ್ದು ಸಿಕ್ಕಿತು ಎಂದ ತಕ್ಷಣ ಫೋಲ್ಡರ್ ಮುಚ್ಚಬೇಡಿ. ನಿಮ್ಮ ವಾದಕ್ಕೆ ಎದುರಾಗಿ ಏನಿದೆ ಎಂದೂ ನೋಡಿ, ಅದನ್ನೂ ಬರೆಯಿರಿ. ಸಾಂಡರ್ಸ್ ಪ್ರತಿಜ್ಞೆ ತೆಗೆದುಕೊಂಡಿರಲಿಲ್ಲ ಎಂಬ ಮಾತನ್ನು ಮುಚ್ಚಿಟ್ಟು ಬರೆದಿದ್ದರೆ ಎದುರಾಳಿಗಳು ಅದೊಂದನ್ನೇ ಹಿಡಿದು ಎಲ್ಲವನ್ನೂ ಸುಳ್ಳು ಎನ್ನುತ್ತಿದ್ದರು.

ವಿದ್ಯಾರ್ಥಿಗಳು ಹರ್ಸ್ಟನ್ ಹಾಲ್ ಎಂಬ ಹೆಸರು ಕೇಳಿದ್ದರಂತೆ?

ಹೌದು. ಜೋರಾ ನೀಲ್ ಹರ್ಸ್ಟನ್ ಕಪ್ಪು ಲೇಖಕಿ, ಜಾನಪದ ಸಂಗ್ರಹಿಸಿದವರು. 1939ರ ಹೊತ್ತಿಗೆ ಪಕ್ಕದ ಡರ್ಹಂನಲ್ಲಿ ಪಾಠ ಮಾಡುತ್ತಿದ್ದರು. ಕಪ್ಪು ಜನರನ್ನು ಸೇರಿಸಿಕೊಳ್ಳದ ಕಾಲದಲ್ಲಿ ಚಾಪೆಲ್ ಹಿಲ್‌ನ ನಾಟಕದವರ ಜೊತೆ ಅವರಿಗೆ ಒಡನಾಟವಿತ್ತು. ಟ್ರಸ್ಟಿಗಳು ಯಾವ ವ್ಯಕ್ತಿಯ ಹೆಸರೂ ಬೇಡ ಎಂದು ಕ್ಯಾರೊಲಿನಾ ಹಾಲ್ ಅಂದರು. ವಿದ್ಯಾರ್ಥಿಗಳಿಗೆ ಇದು ಅರ್ಧ ಗೆಲುವು. ನನಗೂ ಆ ಹೆಸರು ಸಪ್ಪೆ ಅನ್ನಿಸುತ್ತದೆ. ಯಾರಿಗೂ ನೋವಾಗದ ಹೆಸರು ಹುಡುಕುವಾಗ ಯಾರನ್ನೂ ನೆನೆಸದ ಹೆಸರು ಬಂತು.

16 ವರ್ಷದ ತಡೆ ಅಂದರೆ ಏನು?

ಹೆಸರು ತೆಗೆದ ಅದೇ ಸಭೆಯಲ್ಲಿ ಟ್ರಸ್ಟಿಗಳು ಇನ್ನೊಂದು ತೀರ್ಮಾನ ಮಾಡಿದರು. ಮುಂದಿನ 16 ವರ್ಷ ಬೇರೆ ಯಾವ ಕಟ್ಟಡದ ಹೆಸರನ್ನೂ ಬದಲಾಯಿಸುವಂತಿಲ್ಲ. ಬದಲಿಗೆ ಕ್ಯಾಂಪಸ್ಸಿನ ಇತಿಹಾಸ ತಿಳಿಸುವ ಕೆಲಸ ಮಾಡೋಣ ಎಂದರು. ಆ ಕೆಲಸದ ಒಂದು ಭಾಗವಾಗಿ 2016ರ ನವೆಂಬರ್‌ನಲ್ಲಿ ಕ್ಯಾರೊಲಿನಾ ಹಾಲ್ ಒಳಗೇ ಒಂದು ಪ್ರದರ್ಶನ ತೆರೆಯಿತು. ಇದೇ ವರ್ಷಗಳಲ್ಲಿ ಸ್ನಾತಕೋತ್ತರ ತರಗತಿಯೊಂದರ ವಿದ್ಯಾರ್ಥಿಗಳು ಒಂದೊಂದು ಕಟ್ಟಡದ ಹೆಸರಿನ ಹಿಂದಿನ ಕಥೆ ಹುಡುಕಿ ಎಲ್ಲರೂ ಓದುವಂತೆ ಇಂಟರ್‌ನೆಟ್‌ನಲ್ಲಿ ಹಾಕಿದರು.

ತಡೆ 2031ರವರೆಗೆ ಇರಬೇಕಿತ್ತು. ಇರಲಿಲ್ಲ. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ಮೇಲೆ ದೇಶವೇ ಎದ್ದಿತು. ಜೂನ್‌ನಲ್ಲಿ ಟ್ರಸ್ಟಿಗಳು ತಡೆ ತೆಗೆದರು, ಜುಲೈನಲ್ಲಿ ಚಾರ್ಲ್ಸ್ ಏಕಾಕ್, ಜೂಲಿಯನ್ ಕಾರ್, ಜೋಸೆಫಸ್ ಡೇನಿಯಲ್ಸ್ ಹೆಸರುಗಳು ಹೋದವು. ಈ ಮೂವರೂ 1898ರ ಬಿಳಿಯರ ಮೇಲುಗೈ ಚಳವಳಿಯ ಕಡೆಯವರು. ಅಷ್ಟು ಬೇಗ ಆದದ್ದು ಹೇಗೆ? ಸಂಶೋಧನೆ ಮುಗಿದಿತ್ತು. ಕಾಗದಗಳನ್ನು ವಿದ್ಯಾರ್ಥಿಗಳೂ ಪತ್ರಾಗಾರದವರೂ ಮೊದಲೇ ಓದಿ, ಬರೆದು, ಸಿದ್ಧ ಮಾಡಿ ಇಟ್ಟಿದ್ದರು.

ಆಮೇಲೆ ಬಂದ ಹೆಸರುಗಳು ಸಪ್ಪೆಯಲ್ಲ. ಏಕಾಕ್ ಹೆಸರಿದ್ದ ಹಾಸ್ಟೆಲ್‌ಗೆ ಅಲ್ಲಿನ ಮೊದಲ ಕಪ್ಪು ಅಧ್ಯಾಪಕಿ ಹೋರ್ಟೆನ್ಸ್ ಮೆಕ್ಲಿಂಟನ್ ಹೆಸರು, ಕಾರ್ ಕಟ್ಟಡಕ್ಕೆ ಅಲ್ಲಿ ಓದಿದ ಮೊದಲ ಮೂಲನಿವಾಸಿ ವಿದ್ಯಾರ್ಥಿ ಹೆನ್ರಿ ಔಲ್ ಹೆಸರು.

ಹೆಸರು ತೆಗೆದರೆ ಇತಿಹಾಸ ಅಳಿಸಿದ ಹಾಗೆ ಆಗುವುದಿಲ್ಲವಾ?

ಸಾಂಡರ್ಸ್ ಹಾಲ್ ಎಂದು ಹೆಸರಿದ್ದ ತೊಂಬತ್ತಕ್ಕೂ ಹೆಚ್ಚು ವರ್ಷ ಆ ಇತಿಹಾಸ ಎಷ್ಟು ಜನರಿಗೆ ಗೊತ್ತಿತ್ತು ಹೇಳಿ? ವ್ಯಾಟ್ ಔಟ್‌ಲಾ ಯಾರೆಂದು ಆ ಹೆಸರು ಯಾರಿಗೂ ಕಲಿಸಲಿಲ್ಲ. ಜನ ಓದಲು ಶುರು ಮಾಡಿದ್ದು ಹೆಸರು ಪ್ರಶ್ನೆಯಾದ ಮೇಲೆ.

ಸಾಂಡರ್ಸ್ ಮಾಡಿದ ಹತ್ತು ಸಂಪುಟಗಳನ್ನು ಯಾರೂ ಎಸೆದಿಲ್ಲ. ಕಪಾಟಿನಲ್ಲಿವೆ. ವಿಶ್ವವಿದ್ಯಾಲಯದ ಲೈಬ್ರರಿಯೇ ಅವನ್ನು ಡಿಜಿಟಲ್ ಮಾಡಿ ಹಾಕಿದೆ, ನೀವು ಮೈಸೂರಿನಲ್ಲಿ ಕೂತು ಓದಬಹುದು. ಅವನ ಕೆಲಸಕ್ಕೆ ಸಲ್ಲಬೇಕಾದ್ದು ಸಲ್ಲುತ್ತಿದೆ. ಬಾಗಿಲ ಮೇಲಿನ ಹೆಸರು ಬೇರೆ ವಿಷಯ, ಅದು ಮರ್ಯಾದೆ. ಕೊಟ್ಟವರಿಗೆ ವಾಪಸ್ ತೆಗೆದುಕೊಳ್ಳುವ ಹಕ್ಕೂ ಇದೆ.

ಆ ಕಾಲದವರನ್ನು ಈ ಕಾಲದ ಕಣ್ಣಿಂದ ನೋಡುವುದು ಅನ್ಯಾಯ ಅಲ್ವಾ?

ಆ ಕಾಲದ ಕಣ್ಣು ಅಂದರೆ ಯಾರ ಕಣ್ಣು? ವ್ಯಾಟ್ ಔಟ್‌ಲಾ ಆ ಕಾಲದವರೇ. ಗವರ್ನರ್ ಹೋಲ್ಡನ್ ಆ ಕಾಲದವರೇ. 1871ರಲ್ಲಿ ಕ್ಲಾನ್ ವಿರುದ್ಧ ಕಾನೂನು ಮಾಡಿದ ಕಾಂಗ್ರೆಸ್ ಕೂಡ ಆ ಕಾಲದ್ದೇ. ಕ್ಲಾನ್ ಮಾಡುವುದು ಅಪರಾಧ ಎಂದು ಆಗಲೇ ಗೊತ್ತಿತ್ತು, ಅದಕ್ಕೇ ಅವರು ಮುಖ ಮುಚ್ಚಿಕೊಂಡು ರಾತ್ರಿ ಹೋಗುತ್ತಿದ್ದರು.

ಹೀಗೆ ಹೊರಟರೆ ಎಲ್ಲ ಹೆಸರೂ ತೆಗೆಯಬೇಕಾಗುತ್ತದೆ. ಗೆರೆ ಎಲ್ಲಿ ಎಳೆಯುವುದು?

ಇದು ನಿಜವಾದ ಕಷ್ಟ. ಯೇಲ್ ವಿಶ್ವವಿದ್ಯಾಲಯ ಇದಕ್ಕೆ ಸಿಕ್ಕಿಕೊಂಡಿತು. ಅಲ್ಲಿ ಗುಲಾಮಗಿರಿಯನ್ನು ಒಳ್ಳೆಯದೇ ಎಂದು ವಾದಿಸಿದ ಜಾನ್ ಕ್ಯಾಲ್‌ಹೂನ್ ಹೆಸರಿನ ವಸತಿ ಕಾಲೇಜು ಇತ್ತು. 2016ರಲ್ಲಿ ಹೆಸರು ಇಟ್ಟುಕೊಳ್ಳುತ್ತೇವೆ ಎಂದಿತು. ವಿರೋಧ ಬಂದ ಮೇಲೆ ಸಮಿತಿ ಮಾಡಿ, ಮೊದಲು ನಿಯಮ ಬರೆಯಿರಿ, ಆಮೇಲೆ ಹೆಸರು ನೋಡೋಣ ಎಂದಿತು. ಸಮಿತಿ ಕೇಳಿದ ಪ್ರಶ್ನೆಗಳು ಬಹಳ ಉಪಯೋಗದವು. ಆ ಮನುಷ್ಯನ ಮುಖ್ಯ ಕೊಡುಗೆ ಯಾವುದು? ಅವನು ಮಾಡಿದ್ದನ್ನು ಅವನ ಕಾಲದಲ್ಲೇ ಜನ ವಿರೋಧಿಸಿದ್ದರಾ? ವಿಶ್ವವಿದ್ಯಾಲಯ ಯಾವ ಕಾರಣಕ್ಕೆ ಹೆಸರು ಇಟ್ಟಿತು? ಆ ಕಟ್ಟಡ ವಿದ್ಯಾರ್ಥಿಗಳ ಬದುಕಿನಲ್ಲಿ ಎಂಥ ಜಾಗ? 2017ರಲ್ಲಿ ಕ್ಯಾಲ್‌ಹೂನ್ ಹೋಗಿ ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಹೆಸರು ಬಂತು.

ಈ ಪ್ರಶ್ನೆಗಳಿಗೆ ಎಲ್ಲರೂ ಸೋಲುವುದಿಲ್ಲ. ತಪ್ಪು ಮಾಡಿದವರೆಲ್ಲರ ಹೆಸರು ತೆಗೆಯಬೇಕು ಎಂದು ನಾನೂ ಹೇಳುವುದಿಲ್ಲ. ಯಾವ ಕಾರಣಕ್ಕೆ ಹೆಸರು ಇಟ್ಟರು ಎಂಬ ಮೂರನೆಯ ಪ್ರಶ್ನೆಗೇ ನಾನು ಜಾಸ್ತಿ ತೂಕ ಕೊಡುತ್ತೇನೆ, ಸಾಂಡರ್ಸ್ ಬಿದ್ದದ್ದು ಅಲ್ಲೇ.

ಯೇಲ್ ಎಂಬ ಹೆಸರಿಗೇ ನಮ್ಮ ದೇಶದ ನಂಟಿದೆಯಂತೆ?

ಇದೆ. ಎಲಿಹು ಯೇಲ್ 1687ರಿಂದ 1692ರವರೆಗೆ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್. ಅಲ್ಲಿ ಸ್ವಂತ ವ್ಯಾಪಾರದಿಂದ ಹಣ ಮಾಡಿದ. ಆ ವರ್ಷಗಳಲ್ಲಿ ಮದರಾಸಿನಿಂದ ಗುಲಾಮರನ್ನು ಹಡಗಿನಲ್ಲಿ ಸಾಗಿಸುತ್ತಿದ್ದರು, ಕೋಟೆಯ ದಾಖಲೆಗಳಲ್ಲೇ ಅದು ಇದೆ. 1718ರಲ್ಲಿ ಅವನು ಒಂಬತ್ತು ಮೂಟೆ ಸರಕು, 417 ಪುಸ್ತಕ ಮತ್ತು ರಾಜನ ಒಂದು ಚಿತ್ರ ಕಳಿಸಿದ. ಸರಕು ಮಾರಿ ಬಂದ ಸುಮಾರು 562 ಪೌಂಡಿಗೆ ಕಾಲೇಜು ಅವನ ಹೆಸರು ಇಟ್ಟುಕೊಂಡಿತು. ಆ ಹೆಸರು ಹೋಗುವ ಲಕ್ಷಣವಿಲ್ಲ.

ಬೇರೆ ಕಡೆ ವಿದ್ಯಾರ್ಥಿಗಳ ಸಂಶೋಧನೆ ಇಷ್ಟು ದೂರ ಹೋದದ್ದಿದೆಯಾ?

ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಇನ್ನೂ ದೂರ ಹೋಯಿತು. 1838ರಲ್ಲಿ ಮೇರಿಲ್ಯಾಂಡ್‌ನ ಜೆಸ್ವಿಟ್ ಪಾದ್ರಿಗಳು 272 ಗುಲಾಮರನ್ನು ಲೂಯಿಸಿಯಾನಾಕ್ಕೆ 1,15,000 ಡಾಲರಿಗೆ ಮಾರಿದರು. ಹಣದ ಒಂದು ಭಾಗದಿಂದ ಕಾಲೇಜಿನ ಸಾಲ ತೀರಿತು. ಮಾರಿದ ಥಾಮಸ್ ಮಲೆಡಿ ಎಂಬ ಪಾದ್ರಿಯ ಹೆಸರಿನ ಕಟ್ಟಡವನ್ನು ನವೀಕರಿಸುವ ಹೊತ್ತಿಗೆ ವಿದ್ಯಾರ್ಥಿ ಪತ್ರಿಕೆಯಲ್ಲಿ ಈ ಮಾರಾಟದ ಬಗ್ಗೆ ಲೇಖನಗಳು ಬಂದವು. 2015ರ ನವೆಂಬರ್‌ನಲ್ಲಿ ವಿದ್ಯಾರ್ಥಿಗಳು ಅಧ್ಯಕ್ಷರ ಕಚೇರಿ ಮುಂದೆ ಧರಣಿ ಕೂತರು. ಹೆಸರು ಹೋಯಿತು.

2017ರಲ್ಲಿ ಆ ಕಟ್ಟಡಕ್ಕೆ ಐಸಾಕ್ ಹಾಕಿನ್ಸ್ ಎಂದು ಹೆಸರಿಟ್ಟರು. ಮಾರಾಟ ಪತ್ರದಲ್ಲಿ ಮೊದಲು ಬರುವ ಹೆಸರು ಅದು. ಮಾರಿದವನ ಹೆಸರು ಹೋಗಿ ಮಾರಾಟವಾದವರ ಹೆಸರು ಬಂತು. ಮಾರಾಟವಾದವರ ವಂಶಸ್ಥರನ್ನೂ ಹುಡುಕಿದರು, ಲೂಯಿಸಿಯಾನಾದ ಮರಿಂಗ್ವಿನ್ ಎಂಬ ಸಣ್ಣ ಊರಿನಲ್ಲೇ ಬಹಳ ಮಂದಿ ಇದ್ದರು. 2019ರಲ್ಲಿ ವಿದ್ಯಾರ್ಥಿಗಳು ತಮ್ಮ ಶುಲ್ಕದ ಜೊತೆ ಪ್ರತಿ ಸೆಮಿಸ್ಟರ್‌ಗೆ 27.20 ಡಾಲರ್ ಆ ವಂಶಸ್ಥರಿಗಾಗಿ ಕೊಡುತ್ತೇವೆ ಎಂದು ಮತ ಹಾಕಿದರು. ಆ ಮೊತ್ತ ಬಂದದ್ದು 272ರಿಂದ. ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಗೌರವ ಹುಟ್ಟಿಸಿದ್ದು ಆ ಮತದಾನ.

ನಮ್ಮ ಮಗಳು ಎಫ್-1 ವೀಸಾದಲ್ಲಿ ಅಲ್ಲಿ ಓದುತ್ತಿದ್ದಾಳೆ. ಇದರಲ್ಲಿ ಸೇರಿದರೆ ತೊಂದರೆಯಾ?

ಪತ್ರಾಗಾರದಲ್ಲಿ ಓದುವುದು, ತರಗತಿಗೆ ಪ್ರಬಂಧ ಬರೆಯುವುದು ಅವಳ ಓದಿನ ಭಾಗ. ಪ್ರತಿಭಟನೆ ಬೇರೆ. ಅಲ್ಲಿ ಬಂಧನವಾದರೆ, ಕೇಸು ಬಿದ್ದುಹೋದರೂ, ವೀಸಾಕ್ಕೆ ತೊಡಕು ಬರಬಹುದು. ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಲಿ. ‘ನಮಗ್ಯಾಕೆ ಬೇರೆಯವರ ದೇಶದ ಜಗಳ’ ಎಂದು ಮಾತ್ರ ಹೇಳಬೇಡಿ. ಅವಳು ದಿನಾ ಹೋಗಿ ಕೂರುವ ತರಗತಿ ಅದು.

ಇನ್ನೂ ತೀರ್ಮಾನವಾಗದ ಹೆಸರು ಇದೆಯಾ?

ಇದೆ. ಸಾಂಡರ್ಸ್ ಕ್ಲಾನ್ ಮುಖ್ಯಸ್ಥ ಎಂದು 1914ರಲ್ಲಿ ಬರೆದ ಪ್ರೊಫೆಸರ್ ಹ್ಯಾಮಿಲ್ಟನ್ ನೆನಪಿದ್ದಾರಲ್ಲ? ಅವರ ಹೆಸರಲ್ಲೂ ಒಂದು ಕಟ್ಟಡವಿದೆ. ವಿಲ್ಸನ್ ಲೈಬ್ರರಿಯಲ್ಲಿರುವ ದಕ್ಷಿಣದ ಖಾಸಗಿ ಪತ್ರಗಳ ಸಂಗ್ರಹ ಕಟ್ಟಿದವರೂ ಅವರೇ. ಊರೂರು ಸುತ್ತಿ, ಮನೆಮನೆಯ ಅಟ್ಟದಿಂದ ಪತ್ರಗಳನ್ನು ತಂದವರು. ಕಾರ್ ಭಾಷಣ ಸಿಕ್ಕಿದ್ದು ಆ ಸಂಗ್ರಹದಲ್ಲೇ. ಅವರಿಲ್ಲದಿದ್ದರೆ ವಿದ್ಯಾರ್ಥಿಗಳಿಗೆ ಓದಲು ಎಷ್ಟೋ ಕಾಗದ ಇರುತ್ತಿರಲಿಲ್ಲ. ಆದರೆ ಅವರು ಬರೆದ ಇತಿಹಾಸ ಕ್ಲಾನ್‌ಗೆ ಮರ್ಯಾದೆ ಕೊಟ್ಟಿತು, 1920ರ ಟ್ರಸ್ಟಿಗಳಂಥವರು ಬೆಳೆದದ್ದು ಆ ಬಗೆಯ ಓದಿನಲ್ಲಿ.

2020ರಲ್ಲಿ ಅಲ್ಲಿನ ಇತಿಹಾಸ, ರಾಜಕೀಯ ಶಾಸ್ತ್ರ, ಸಮಾಜಶಾಸ್ತ್ರ ವಿಭಾಗಗಳು ಆ ಕಟ್ಟಡವನ್ನು ಪಾಲಿ ಮರ್ರಿ ಹಾಲ್ ಎಂದು ಕರೆಯತೊಡಗಿದವು. ಮರ್ರಿ ವಕೀಲೆ, ಡರ್ಹಂನಲ್ಲಿ ಬೆಳೆದವರು. 1938ರಲ್ಲಿ ಚಾಪೆಲ್ ಹಿಲ್‌ಗೆ ಅರ್ಜಿ ಹಾಕಿದಾಗ ಬಣ್ಣದ ಕಾರಣಕ್ಕೆ ತಿರಸ್ಕರಿಸಿದ್ದರು. ಹೆಸರು ಬದಲಾಯಿಸುವ ಅಧಿಕಾರ ವಿಭಾಗಗಳಿಗಿಲ್ಲ, ಟ್ರಸ್ಟಿಗಳಿಗೆ ಮಾತ್ರ. ಹಾಗಾಗಿ ಅಧ್ಯಾಪಕರು ಒಂದು ಹೆಸರು ಬರೆಯುತ್ತಾರೆ, ಕಡತದಲ್ಲಿ ಇನ್ನೊಂದು ಇದೆ. ಮರ್ರಿ ಹೆಸರು ಕಡತಕ್ಕೂ ಬರಬೇಕು ಎಂಬುದು ನನ್ನ ಅಭಿಪ್ರಾಯ. ಹ್ಯಾಮಿಲ್ಟನ್ ಕಟ್ಟಿದ ಸಂಗ್ರಹ ಹೇಗೂ ಇರುತ್ತದೆ, ಯಾರು ಬೇಕಾದರೂ ಹೋಗಿ ಪೆಟ್ಟಿಗೆ ತೆಗೆಸಿ ಓದಬಹುದು.